ಸಂಗೀತದ ವಾರವೂ ವಾದ್ಯಾರರ ನೋಟುಬುಕ್ಕೂ

ಹತ್ತು ಜನಕ್ಕೆ ಎಲೆ ಹಾಕುವ ಕೆಲಸ ಹಿಡಿದವರು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಂದು ಪಂಕ್ತಿಯಲ್ಲಿ ಕೂರುತ್ತದೆ. ಎಡಪ್ಪಾಡಿ ಬಸ್ ಸ್ಟ್ಯಾಂಡಿನ ಎದುರು ಬಹಳ ವರ್ಷ ಮೆಸ್ ನಡೆಸಿದವಳು ನಾನು. ವಾರಕ್ಕೊಂದಾದರೂ ಅಂಥದ್ದು ನಡೆಯುತ್ತಿತ್ತು. ಆದರೆ ಏಳೇ ದಿನದಲ್ಲಿ ಅಷ್ಟೊಂದು ಒಟ್ಟಿಗೆ ನಡೆದದ್ದು ಒಂದೇ ಸಲ. ನಮ್ಮೂರಿನವರು ಮೊದಲ ಬಾರಿಗೆ ಬೇಸಿಗೆಯಲ್ಲಿ ಒಂದು ವಾರ ಸಂಗೀತ ಕಚೇರಿ ಇಟ್ಟುಕೊಂಡಾಗ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅಕ್ಕಿ ಗಿರಣಿಯ ಯಜಮಾನರು ಸಮಿತಿಯ ಅಧ್ಯಕ್ಷರು. ಶಾಲೆಯ ವಾದ್ಯಾರರು, ಅಂದರೆ ಮೇಷ್ಟರು, ಕಾರ್ಯದರ್ಶಿ. ಹೊರಗಿನಿಂದ ಬರುವ ವಿದ್ವಾಂಸರನ್ನು ಸೇಲಂ ಜಂಕ್ಷನ್ನಿನಿಂದ ಕರೆತರುವುದು, ಮಲಗಲು ಜಾಗ ನೋಡುವುದು, ಏಳು ದಿನ ಊಟ ಹಾಕುವುದು, ಇದೆಲ್ಲ ಸೇಲಂನ ಒಬ್ಬ ಅಡುಗೆ ಕಂಟ್ರಾಕ್ಟರಿಗೆ ಹೋಗುವುದರಲ್ಲಿತ್ತು. ಸುದ್ದಿ ಕೇಳಿದವಳೇ ಗಿರಣಿಗೆ ನಡೆದುಹೋಗಿ, "ನನಗೆ ಕೊಡಿ" ಅಂದೆ.

"ನೀನು ಬಸ್ ಡ್ರೈವರುಗಳಿಗೆ ಇಡ್ಲಿ ಹಾಕೋಳು. ಬರೋರು ವಿದ್ವಾಂಸರಮ್ಮ" ಅಂದರು ಅಧ್ಯಕ್ಷರು. ಅವರದು ತಮಿಳು, ಇಲ್ಲಿ ನಮ್ಮ ಮಾತಿನಲ್ಲಿ ಬರೆದಿದ್ದೇನೆ.

"ಡ್ರೈವರಿಗೆ ಹಸಿವಾದ್ರೆ ಬಸ್ಸು ನಿಲ್ತದೆ, ಊರೇ ನಿಲ್ತದೆ. ವಿದ್ವಾಂಸರಿಗೆ ಹಸಿವಾದ್ರೆ ಹಾಡೋ ಪಾಟು ನಿಲ್ತದೆ, ಅಷ್ಟೇ."

ವಾದ್ಯಾರರು ನಕ್ಕುಬಿಟ್ಟರು. ಅಧ್ಯಕ್ಷರು ನಗಲಿಲ್ಲ, ಷರತ್ತು ಹಾಕಿದರು. ಬಂದ ಪ್ರತಿಯೊಬ್ಬರೂ ಊರು ಬಿಡುವ ಮುಂಚೆ ವಾದ್ಯಾರರ ನೋಟುಬುಕ್ಕಿನಲ್ಲಿ ಅಭಿಪ್ರಾಯ ಬರೆಯಬೇಕು. ಒಂದೇ ಒಂದು ದೂರು ಬಂದರೂ ಬರುವ ವರ್ಷದಿಂದ ಕೆಲಸ ಸೇಲಂನವನಿಗೆ. ಬರದಿದ್ದರೆ ಪ್ರತಿ ವರ್ಷವೂ ನನಗೇ.

ಮೆಸ್ಸಿನಲ್ಲಿ ನನಗಿದ್ದ ಒಂದೇ ಜೊತೆ ನನ್ನ ನಾದಿನಿ. ಅವಳು ಇದನ್ನು ಕೇಳಿ ಸೌಟು ಕೆಳಗಿಟ್ಟಳು. "ಅತ್ಗೆ, ನಿಂಗೆ ಮೊದ್ಲು ಮಾತು ಬತ್ತದೆ, ಆಮ್ಯಾಕೆ ಯೋಚ್ನೆ ಬತ್ತದೆ. ಒಬ್ರೂ ದೂರದಂಗೆ ಏಳು ದಿನ ಊಟ ಆಕಕ್ಕೆ ಆಯ್ತದಾ? ನಿನ್ ತಮ್ಮನ್ ಮದ್ವೇಲಿ ನಾನೇ ದೂರಿದ್ದೆ!"

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಬಸ್ಸಿನ ಬೋರ್ಡು ನೋಡಿ ತಮಿಳು ಅಕ್ಷರ, ಮೈಸೂರು ಕಡೆ ಓಡಾಡುವ ಲಾರಿಯವರು ಬಿಟ್ಟುಹೋದ ಹಳೆಯ ಪೇಪರು ನೋಡಿ ಕನ್ನಡ ಅಕ್ಷರ ಕಲಿತವಳು. ಆದರೂ ವಾದ್ಯಾರರಿಗೆ ಖಂಡಿತವಾಗಿ ಹೇಳಿದೆ: "ಆ ಬುಕ್ಕಲ್ಲಿ ಯಾರು ಏನು ಬರೆದ್ರೂ ನಾನೇ ಓದ್ತೀನಿ. ಓದಿ ಹೇಳೋಕೆ ಬರಬೇಡಿ."

ಸೇಲಂ ಜಂಕ್ಷನ್

ಮೊದಲ ದಿನ ನಾಗಸ್ವರದಿಂದ ಆರಂಭ. ತಂಜಾವೂರು ಕಡೆಯ ಮೇಳ ಬೆಳಗಿನ ರೈಲಿಗೆ ಬರುತ್ತದೆ ಅಂತ ಕಾಗದ ಬಂದಿತ್ತು. ಕರೆತರಲು ಯಾರನ್ನೂ ನಂಬದೆ ನಾನೇ ಹೋದೆ. ಉದ್ದನೆಯ ಚೀಲದಲ್ಲಿ ನಾಗಸ್ವರ, ಬಟ್ಟೆ ಸುತ್ತಿದ ಡೋಲು, ಹಣೆ ತುಂಬ ವಿಭೂತಿ. ಐದು ಜನ ಇಳಿದರು.

"ಎಡಪ್ಪಾಡಿಗಾ?" ಅಂದೆ.

"ಆಮಾಂ ಅಮ್ಮಾ" ಅಂದರು ಹಿರಿಯರು.

ಇನ್ನು ಕೇಳುವುದೇನಿದೆ? ಸ್ಟೇಷನ್ನಿನ ಹೊರಗೆ ಬಸ್ಸು ನಿಂತಿತ್ತು. ಕಿಟಕಿಯಿಂದ ಐದು ಟವೆಲ್ ಎಸೆದು ಐದು ಸೀಟು ಹಿಡಿದೆ. ದಾರಿಯುದ್ದಕ್ಕೂ ಆ ಹಿರಿಯರು ಏನೋ ಕೇಳಲು ಬಾಯಿ ತೆರೆಯುವುದು, ನಾನು "ಮಾತೆಲ್ಲ ಆಮೇಲೆ, ಮೊದಲು ಊಟ" ಅನ್ನುವುದು. ಮೆಸ್ಸಿನಲ್ಲಿ ವಡೆ, ಪಾಯಸ, ಮೂರು ಥರ ಪಲ್ಯ. ನಾದಿನಿ ಬಡಿಸುವ ಪದ್ಧತಿ ಹೇಗೆಂದರೆ "ಸಾಕು" ಅಂದವರಿಗೆ ಇನ್ನೊಂದು ಸೌಟು ಬೀಳುತ್ತದೆ. ಎಲೆ ಮಡಚಿದರೆ ಮಾತ್ರ ಬಿಡುಗಡೆ.

ಪಾಯಸದ ನಡುವೆ ಹಿರಿಯರು ಕೊನೆಗೂ ಕೇಳಿದರು. "ನಾವು ಬಾರಿಸೋದು ಎಷ್ಟು ಹೊತ್ತಿಗಮ್ಮ?"

"ಸಾಯಂಕಾಲ ಆರಕ್ಕೆ. ಅಧ್ಯಕ್ಷರು ಬಂದು ದೀಪ ಹಚ್ಚಿದ ಕೂಡಲೇ."

ಐದೂ ಜನ ಮುಖ ಮುಖ ನೋಡಿಕೊಂಡರು. "ಅಧ್ಯಕ್ಷರು ಅಂದ್ರೆ ಹುಡುಗಿ ತಂದೆನಾ?"

ನಾನು ಉತ್ತರ ಕೊಡುವ ಮುಂಚೆಯೇ ಬೀದಿಯಲ್ಲಿ ಗಲಾಟೆ. ಮಗ್ಗದ ಬೀದಿಯ ಹಿರಿಯರೊಬ್ಬರು ಇನ್ನೂ ಐದು ಜನ ನಾಗಸ್ವರದವರನ್ನು ಮುಂದಿಟ್ಟುಕೊಂಡು ಬರುತ್ತಿದ್ದರು. ಅವರ ಮನೆಯಲ್ಲಿ ಮದುವೆ. ಮುಹೂರ್ತದ ಕಾಲ, ಒಂದೇ ರೈಲಿನಲ್ಲಿ ನಮ್ಮೂರಿಗೇ ಎರಡು ಮೇಳ ಬಂದಿವೆ. ಮದುವೆಯ ಮೇಳವನ್ನು ನಾನು ಎತ್ತಿಕೊಂಡು ಬಂದಿದ್ದೆ. ನಮ್ಮ ಕಚೇರಿಯ ಮೇಳ ಅವರಿಗೆ ಸಿಕ್ಕಿ, ಆಗಲೇ ಮದುಮಗನ ಮುಂದೆ ಬಾರಿಸಿ, ಹಾರ ಹಾಕಿಸಿಕೊಂಡು, ಅಲ್ಲಿ ಹೊಟ್ಟೆ ತುಂಬ ಉಂಡು ಬಂದಿತ್ತು.

"ನಿಮ್ಮದು ನೀವು ತಗೊಳ್ಳಿ, ನಮ್ಮದು ನಮಗೆ ಕೊಡಿ" ಅಂದರು ಮಗ್ಗದ ಬೀದಿಯವರು, ಕೊಳಾಯಿ ಹತ್ತಿರ ಕೊಡ ಅದಲುಬದಲಾದವರ ಹಾಗೆ.

ಮದುವೆಯ ಮೇಳದ ಹಿರಿಯರು ಹೊರಡುವ ಮುಂಚೆ, ಉಂಡ ಮನೆ ಅಂತ ಮರ್ಯಾದೆಗೆ ನೋಟುಬುಕ್ಕು ತರಿಸಿಕೊಂಡು ತಾವೂ ಬರೆದರು. ನಾನು ಬೆರಳಿಟ್ಟು ಓದಿದೆ. "ಊಟ ಪ್ರಮಾದವಾಗಿತ್ತು. ಮದುಮಗನನ್ನು ಮಾತ್ರ ಎಷ್ಟು ಹುಡುಕಿದರೂ ಕಾಣಲಿಲ್ಲ." ತಮಿಳಿನಲ್ಲಿ ಪ್ರಮಾದ ಅಂದರೆ ಬಲು ಚೆನ್ನಾಗಿತ್ತು ಅಂತ, ನನಗೆ ಚುಚ್ಚಿದ್ದು ಎರಡನೇ ಸಾಲು.

"ವಾದ್ಯಾರೇ, ಇದು ದೂರಾ?" ಅಂತ ಕೇಳಿದೆ.

ವಾದ್ಯಾರರು ಕನ್ನಡಕ ಒರೆಸಿಕೊಂಡು ಯೋಚಿಸಿದರು. "ಊಟ, ವಸತಿ, ಪ್ರಯಾಣ ಮೂರೇ ನಿಮ್ಮ ಜವಾಬ್ದಾರಿ. ಮದುಮಗನನ್ನ ಒದಗಿಸೋದು ಅದರಲ್ಲಿ ಬರೋದಿಲ್ಲ."

ಮಗ್ಗದ ಬೀದಿ

ಆಗ ನಮ್ಮೂರಲ್ಲಿ ವಿದ್ವಾಂಸರು ಇಳಿದುಕೊಳ್ಳುವಂಥ ಲಾಡ್ಜು ಇರಲಿಲ್ಲ. ಮಗ್ಗದ ಬೀದಿಯ ಮನೆಗಳನ್ನೇ ಕೇಳಿಕೊಂಡೆ. ತಣ್ಣಗಿನ ಮಣ್ಣಿನ ಗೋಡೆ, ಮುಂದೆ ದೊಡ್ಡ ಜಗಲಿ. ಒಳಗೆ ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಬೆಳಗಿನ ಐದಕ್ಕೆ ಶುರುವಾದರೆ ಕತ್ತಲಾಗುವವರೆಗೂ ಲಟಕ್ ಲಟಕ್ ಅಂತ ಲಾಳಿ ಓಡುವ ಸದ್ದು. ಈಗಲೂ ಕಣ್ಣು ಮುಚ್ಚಿದರೆ ಆ ಬೀದಿ ನನಗೆ ಕಿವಿಯಲ್ಲೇ ಕಾಣುತ್ತದೆ. ಈ ಸದ್ದಿಗೆ ಯಾರಾದರೂ ದೂರು ಬರೆದಾರು ಅಂತ ನನ್ನ ಭಯ.

ಏಳೂ ದಿನದ ಕಚೇರಿಗೆ ಒಬ್ಬರೇ ಮೃದಂಗದವರು. ಅವರನ್ನು ಬೀದಿಯ ಮೊದಲ ಮನೆಗೆ ಹಾಕಿದೆ. ವೀಣೆಯವರನ್ನು ಅದರ ಪಕ್ಕದ ಮನೆಗೆ. ಎರಡನೇ ದಿನ ಬೆಳಿಗ್ಗೆ ವೀಣೆಯ ಮನೆಯ ನೇಕಾರ ಮೆಸ್ಸಿಗೆ ಬಂದು ಕಂಬಕ್ಕೆ ಒರಗಿ ನಿಂತ. ಕಾಫಿ ಕೊಟ್ಟರೂ ಕುಡಿಯಲಿಲ್ಲ.

"ಅಕ್ಕಾ, ನೀನು ಮಾಡಿದ್ದು ನ್ಯಾಯವಾ?"

"ಏನಾಯ್ತಣ್ಣ? ವೀಣೆಯವರು ಕೋಪ ಮಾಡಿಕೊಂಡರಾ?"

"ಅವರು ದೇವರಂಥೋರು. ತೊಂದರೆ ನಂದು. ಪಕ್ಕದ ಮನೆಯೋನಿಗೆ ಮೃದಂಗ ಕೊಟ್ಟಿದೀಯ. ಅವರು ಜಗಲಿ ಮೇಲೆ ಕೂತು ತಕಜಣು ತಕಜಣು ಅಂತ ಸಾಧನೆ ಮಾಡ್ತಾರೆ, ಅವನ ಕಾಲು ಅದಕ್ಕೆ ತಕ್ಕಂಗೆ ಓಡ್ತದೆ, ಮೂರು ದಿನದ ಸೀರೆ ನಾಳೆ ಮುಗೀತದೆ. ನಂಗೆ ವೀಣೆ ಕೊಟ್ಟಿದೀಯ. ಅವರು ಒಂದು ಸಲ ಮೀಟಿ, ಅದು ಪೂರ್ತಿ ಕರಗೋ ತನಕ ಕಾಯ್ತಾರೆ. ನಾನೂ ಲಾಳಿ ಕೈಲಿ ಹಿಡಿದು ಕಾಯ್ತೀನಿ. ನಿನ್ನೆಯಿಂದ ನಾಲ್ಕು ಬೆರಳು ನೇಯ್ದಿದೀನಿ!"

ನಾನು ನಗುವುದಕ್ಕೆ ಮುಂಚೆ ಅವನ ಹಿಂದೆಯೇ ಇನ್ನಿಬ್ಬರು ಬಂದರು. ಅವರ ಮನೆಗಳಲ್ಲಿ ಪಿಟೀಲು, ಕೊಳಲು. ಅವರಿಗೂ ಮೃದಂಗವೇ ಬೇಕು. ಮದುವೆಯ ಕಾಲ, ಸೀರೆ ಬೇಗ ಇಳಿಸಿದವನಿಗೆ ಇನ್ನೊಂದು ಸೀರೆಯ ಕೆಲಸ. ನಾನು ಯಾರಿಗೂ ಇಲ್ಲ ಅನ್ನಲಾರದೆ ಮೃದಂಗದವರ ಹಾಸಿಗೆಯನ್ನು ಮನೆಯಿಂದ ಮನೆಗೆ ಹೊರಿಸಿದೆ. ಅವರು ಕೇಳಿದರೆ "ಎಲ್ಲರಿಗೂ ನಿಮ್ಮನ್ನ ಉಪಚರಿಸೋ ಆಸೆ" ಅಂದೆ. ಅದು ಸುಳ್ಳೂ ಅಲ್ಲ. ಬೆಳಗಿನ ಜಾವ ಕಾಫಿ ಕೈಯಲ್ಲಿ ಹಿಡಿದು ಮನೆಯವರೆಲ್ಲ ಅವರ ಹಾಸಿಗೆಯ ಸುತ್ತ ನಿಂತಿರುತ್ತಿದ್ದರು.

ಕೊನೆಯ ದಿನ ಬೆಳಿಗ್ಗೆಯೇ ಅವರು ಬರೆದುಕೊಟ್ಟದ್ದು ಹೀಗೆ: "ಒಂದು ವಾರದಲ್ಲಿ ನಾಲ್ಕು ಮನೆ. ನಾಲ್ಕರಲ್ಲೂ ಬೆಳಿಗ್ಗೆ ಐದಕ್ಕೇ ಎಬ್ಬಿಸಿ, ಸಾಧನೆ ಮಾಡಿ ಅಂತ ಬೇಡಿಕೊಂಡರು. ದ್ರುತ ಕಾಲದಲ್ಲಿ ಬಾರಿಸಿದಾಗ ಕಣ್ಣಲ್ಲಿ ನೀರು ಹಾಕಿಕೊಂಡರು. ಇಂಥ ರಸಿಕರನ್ನು ನಾನು ತಂಜಾವೂರಿನಲ್ಲೂ ಕಂಡಿಲ್ಲ."

ಫ್ಲಾಸ್ಕು

ನಾಲ್ಕನೇ ದಿನ ಹಾಡುವ ಹೆಂಗಸು ಬಂದರು. ಜೊತೆಗೆ ಅವರ ತಾಯಿ. ಕಚೇರಿ ಆರಕ್ಕಾದರೆ ಮಧ್ಯಾಹ್ನದಿಂದಲೇ ಮಗಳಿಗೆ ಊಟ ಬಂದ್. ಮೊಸರು ಕೂಡದು, ಹುಣಿಸೆ ಕೂಡದು, ಹಣ್ಣು ಕೂಡದು. ವೇದಿಕೆಯ ಮೇಲೆ ಫ್ಲಾಸ್ಕಿನಲ್ಲಿ ಬಿಸಿನೀರು, ಅಷ್ಟೇ. ಚಿತ್ತಿರೈ ತಿಂಗಳ ಕಡುಬಿಸಿಲು, ಸಂಜೆ ನಾಲ್ಕಕ್ಕೆ ಆ ಹುಡುಗಿಯ ಮುಖ ಬಾಡಿ ಹೋಗಿತ್ತು.

ನಾದಿನಿ ಫ್ಲಾಸ್ಕು ತೊಳೆಯುತ್ತಾ ಗೊಣಗಿದಳು. "ನಮ್ಮನೆ ಬಾಗ್ಲಿಗ್ ಬಂದೋಳ್ನ ಅಸ್ಕೊಂಡು ಓಗು ಅಂತ ಕಳಿಸ್ತೀಯಲ್ಲ ಅತ್ಗೆ. ನಾಳೆ ಬುಕ್ಕಲ್ಲಿ ಅನ್ನ ಸಿಗ್ಲಿಲ್ಲ ಅಂತ ಬರುದ್ರೆ?"

ನನಗೂ ಅದೇ ಚುಚ್ಚುತ್ತಿತ್ತು. ತೆಳ್ಳಗೆ ರಾಗಿ ಗಂಜಿ ಕಾಯಿಸಿ, ಹಾಲು, ಬೆಲ್ಲ, ಒಂದಿಷ್ಟು ಏಲಕ್ಕಿ ಹಾಕಿ, ಬಟ್ಟೆಯಲ್ಲಿ ಸೋಸಿ ಫ್ಲಾಸ್ಕಿಗೆ ತುಂಬಿ ವೇದಿಕೆಗೆ ಕಳಿಸಿಬಿಟ್ಟೆ. ತಾಯಿಗೆ ಹೇಳಲಿಲ್ಲ.

ಆಕೆ ಮೊದಲ ಹಾಡು ಮುಗಿಸಿ ಒಂದು ಗುಟುಕು ಕುಡಿದರು. ಅಲ್ಲೇ ತಡೆದರು. ಫ್ಲಾಸ್ಕಿನ ಒಳಗೆ ಇಣುಕಿ ನೋಡಿದರು. ಆಮೇಲೆ ಸದ್ದಿಲ್ಲದೆ ಮುಚ್ಚಳದ ತುಂಬ ಬಗ್ಗಿಸಿಕೊಂಡು ಪೂರ್ತಿ ಕುಡಿದರು. ಅಲ್ಲಿಂದ ಮುಂದೆ ಕಂಠ ತೆರೆದುಕೊಂಡಿತು ನೋಡಿ, ಪಂದಲ್ಲಿನ, ಅಂದರೆ ಚಪ್ಪರದ, ತೆಂಗಿನ ಗರಿಗಳೂ ಅಲುಗಾಡಿದ ಹಾಗಿತ್ತು. ಪಿಟೀಲಿನವರು ಫ್ಲಾಸ್ಕಿನ ಕಡೆ ಓರೆಗಣ್ಣು ಹಾಕಿದರು. ಅವರಿಗೂ ಅರ್ಧ ಮುಚ್ಚಳ ಹೋಯಿತು.

ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಪಕ್ಕದವರಿಗೆಲ್ಲ ಹೇಳುತ್ತಿದ್ದರು: "ಬಾದಾಮಿ ಹಾಲು ಅದು. ಕುಂಕುಮಕೇಸರಿ ಹಾಕಿರ್ತಾರೆ. ಬಣ್ಣ ನೋಡಿದರೇನೇ ತಿಳೀತದೆ." ಅಧ್ಯಕ್ಷರ ಮನೆಯಲ್ಲಿ ರಾಗಿಗೆ ಬಾಗಿಲೊಳಗೆ ಪ್ರವೇಶವಿರಲಿಲ್ಲ, ಅದು ಕೂಲಿಯವರ ಊಟ ಅಂತ ಅವರ ಭಾವನೆ. ಕಚೇರಿ ಮುಗಿದ ಮೇಲೆ ಮೆಸ್ಸಿಗೇ ಬಂದರು.

"ಆ ಅಮ್ಮನಿಗೆ ಕೊಟ್ಟೆಯಲ್ಲ, ಅದು ಉಳಿದಿದ್ರೆ ನನಗೂ ಒಂದು ಲೋಟ."

ಕೊಟ್ಟೆ. ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅಧ್ಯಕ್ಷರು ಕಣ್ಣು ಮುಚ್ಚಿ ನಿಧಾನವಾಗಿ ಲೋಟ ಖಾಲಿ ಮಾಡಿದರು.

"ಬಾದಾಮಿ ಒಳ್ಳೇ ಜಾತಿಯದು" ಅಂದರು. "ಕೇಸರಿ ಮಾತ್ರ ಸ್ವಲ್ಪ ಕೈ ಹಿಡಿದು ಹಾಕಿದೀಯ."

ಕೊನೆಯ ಸಂಜೆ

ಆರು ದಿನ ದಾಟಿತ್ತು, ನೋಟುಬುಕ್ಕಿನಲ್ಲಿ ಒಂದು ದೂರೂ ಇಲ್ಲ. ಉಳಿದದ್ದು ಒಬ್ಬರೇ, ದೊಡ್ಡ ವಿದ್ವಾಂಸರು. ಮಗು ಅತ್ತರೆ ಹಾಡು ನಿಲ್ಲಿಸುತ್ತಾರೆ, ಯಾರಾದರೂ ಕೆಮ್ಮಿದರೆ ತಂಬೂರಿ ಕೆಳಗಿಡಿಸುತ್ತಾರೆ ಅಂತ ಹೆಸರು. ಅವರಿಗಾಗಿ ಪಂದಲ್ಲಿನ ಹತ್ತಿರ ಕಡಲೆಕಾಯಿ ಮಾರುವವನನ್ನೂ ಕೂರಿಸಿರಲಿಲ್ಲ.

ಪಂದಲ್ ಹಾಕಿದ್ದು ಊರಾಚೆಯ ಒಬ್ಬ ರೈತನ ಹೊಲದಲ್ಲಿ. ವೇದಿಕೆಯ ಹಿಂದೆ ತೆಂಗಿನ ಗರಿಯ ತಟ್ಟಿ, ತಟ್ಟಿಯ ಆಚೆ ಉಳಿದರ್ಧ ಹೊಲ. ಆ ಸಂಜೆ ಐದರ ಹೊತ್ತಿಗೆ ದೂರದಲ್ಲಿ ಧೂಳೆದ್ದಿತು. ಮುನ್ನೂರು ಕುರಿ. ಮುಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಡೆದು ಬರುತ್ತಿದ್ದವನು ಬೇರೆ ಯಾರೂ ಅಲ್ಲ, ಕೊಳತ್ತೂರು ಕಡೆಯ ನನ್ನ ದೊಡ್ಡಪ್ಪನ ಮಗ. ನನ್ನ ತವರು ಕುರಿ ಸಾಕುವ ಮನೆ.

"ಏನಣ್ಣಾ ಇಲ್ಲಿ?"

"ಮಂದೆ ಆಕಕ್ ಬಂದಿವ್ನಿ ಕಣವ್ವ. ಈ ಒಲದೋರಿಗೆ ಮಾತು ಕೊಟ್ಟಿದ್ದೆ, ಅಮಾಸೆ ಕಳ್ದ ಮೂರ್ನೇ ದಿನ ಬತ್ತೀನಿ ಅಂತ. ಇವತ್ತೇ ಅಲ್ವಾ?"

ಬೆಳೆ ಎತ್ತಿದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆ. ಅದಕ್ಕೆ ರೈತರು ತಿಂಗಳುಗಳ ಮುಂಚೆಯೇ ಮಾತು ಪಡೆದಿರುತ್ತಾರೆ. ಹೊಲದ ರೈತನನ್ನು ಕರೆಸಿದೆವು. ಅವನು ತಲೆ ಕೆರೆದುಕೊಂಡ. ಕುರಿಯ ಮಾತು ಅಮಾವಾಸ್ಯೆ ಲೆಕ್ಕದಲ್ಲಿ ಕೊಟ್ಟದ್ದು, ಕಚೇರಿಯ ಮಾತು ಗಿರಣಿಯ ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ಲೆಕ್ಕದಲ್ಲಿ ಕೊಟ್ಟದ್ದು. ಎರಡೂ ಒಂದೇ ದಿನ ಬಂದು ನಿಲ್ಲುತ್ತವೆ ಅಂತ ಅವನಿಗೆ ಹೊಳೆದೇ ಇರಲಿಲ್ಲ.

"ಅಣ್ಣಾ, ಇವತ್ತೊಂದು ದಿನ ಬೇರೆ ಕಡೆ ಹೊಡ್ಕೊಂಡು ಹೋಗಪ್ಪ."

"ನಿನ್ ಪಾಟಿಗೆ ನನ್ ಮಾತು ಸುಳ್ಳಾಗ್ಬೇಕಾ? ಮುಂದ್ಗಡೆ ನೀವ್ ಆಡ್ಕೊಳ್ಳಿ, ಇಂದ್ಗಡೆ ನಾವ್ ಬಿದ್ಕೋತೀವಿ. ಒಲ ದೊಡ್ದಾಗೈತೆ."

ನನ್ನ ಮೊಂಡುತನ ಎಲ್ಲಿಂದ ಬಂತು ಅಂತ ಕೇಳುತ್ತಿದ್ದ ಅಧ್ಯಕ್ಷರಿಗೆ ಆ ದಿನ ಉತ್ತರ ಸಿಕ್ಕಿತು. ಅವರು ನನ್ನ ಕಡೆ ತಿರುಗಿ, "ಅವರು ಇದನ್ನ ಒಂದು ಸಾಲು ಬರೆದರೂ ಸಾಕು. ಬರುವ ವರ್ಷ ಸೇಲಂನವನೇ" ಅಂದು ಹೋಗಿ ಮುಂದಿನ ಸಾಲಿನಲ್ಲಿ ಕೂತರು.

ವಿದ್ವಾಂಸರು ಆಲಾಪನೆ ಎತ್ತಿದರು. ಅವರು ಮೇಲಕ್ಕೆ ಹೋಗಿ ನಿಂತು, ಕಣ್ಣು ಮುಚ್ಚಿ, ಒಂದು ಕ್ಷಣ ಬಿಟ್ಟರು. ಆ ಮೌನದಲ್ಲಿ ಹಿಂದಿನಿಂದ "ಬ್ಯಾ." ಅದಕ್ಕೆ ಇನ್ನೊಂದು "ಬ್ಯಾ." ಆಮೇಲೆ ಮುನ್ನೂರೂ ಒಟ್ಟಿಗೆ.

ಅವರು ಕಣ್ಣು ತೆರೆದರು. "ಯಾರದು?" ಅಂತ ಮೈಕಿನಲ್ಲೇ ಕೇಳಿದರು.

ಅಧ್ಯಕ್ಷರು ಎದ್ದು ನಿಂತು ಕೈ ಮುಗಿದರು. "ಕುರಿ, ಸ್ವಾಮಿ."

"ಎರಡು ನಿಮಿಷ ಕೊಡ್ತೀನಿ. ನಿಲ್ಲದಿದ್ದರೆ ನಾನು ಎದ್ದೆ."

ನಾನು ಹಿಂದಕ್ಕೆ ಓಡಿದೆ. ನಾದಿನಿಯೂ ಓಡಿ ಬಂದಳು. ಕಾರಣ ನನಗೆ ಒಂದು ನೋಟಕ್ಕೇ ತಿಳಿಯಿತು. ಮರಿಗಳನ್ನು ಇನ್ನೂ ತಾಯಂದಿರಿಗೆ ಬಿಟ್ಟಿರಲಿಲ್ಲ. ಬಲೆಯೊಳಗೆ ಬೇರೆಯಾಗಿ ಕೂಡಿಹಾಕಿದ್ದರು. ಮರಿ ಹಸಿದು ಕೂಗುತ್ತಿತ್ತು, ತಾಯಿ ಕೆಚ್ಚಲು ಬಿಗಿದು ಕೂಗುತ್ತಿತ್ತು. ಬಲೆ ಕಿತ್ತು ಹಾಕಿದೆವು. ಬಲಿತ ಮರಿಗಳು ತಾವೇ ತಾಯಿಯನ್ನು ಹುಡುಕಿಕೊಂಡವು. ಎಳೆಯವನ್ನು ನಾವೇ ಸೇರಿಸಬೇಕು. ಒಂದರದು ಇನ್ನೊಂದಕ್ಕೆ ಬಿಟ್ಟರೆ ಒದೆಯುತ್ತದೆ. ಅಣ್ಣ ಪಿಸುದನಿಯಲ್ಲಿ ಹೇಳುತ್ತಿದ್ದ: "ಅದು ಬೋಳೀದು. ಅದಲ್ಲ, ಆ ಚುಕ್ಕೀದು. ಅಲ್ ಬುಡ್ಬೇಡ ಕಣೇ, ಅವ್ಳು ಮಾರಿ!" ಕೊನೆಯ ದಿನ ಅಂತ ಉಟ್ಟಿದ್ದ ಹೊಸ ಸೀರೆಯನ್ನು ಮೇಲೆ ಕಟ್ಟಿ, ಎರಡು ಕಂಕುಳಲ್ಲಿ ಎರಡು ಮರಿ ಇರುಕಿಕೊಂಡು ನಾನು ಓಡುತ್ತಿದ್ದೇನೆ. ತಲೆ ಎತ್ತಿದರೆ ತಟ್ಟಿಯ ಸಂದಿನಿಂದ ವಿದ್ವಾಂಸರು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಾರೆ.

ಒಂದೊಂದಾಗಿ ಸದ್ದು ಅಡಗಿತು. ಮುನ್ನೂರು ಕುರಿ ಮಂಡಿಯೂರಿ ಮಲಗಿ, ಮೆಲುಕು ಹಾಕುತ್ತಾ, ವೇದಿಕೆಯ ಕಡೆ ಮುಖ ಮಾಡಿದವು. ಹಾಡು ಮತ್ತೆ ಶುರುವಾಯಿತು.

ಒಂದೂವರೆ ಗಂಟೆಯ ಮೇಲೆ ಮೃದಂಗದವರೊಬ್ಬರೇ ಬಾರಿಸುವ ತನಿ ಆವರ್ತನ ಬಂತು. ಅದು ಬಂದದ್ದೇ ಮುಂದಿನ ಸಭೆ ಎದ್ದಿತು. ಅಧ್ಯಕ್ಷರೇ ಮೊದಲು. ಎಲ್ಲರೂ ನನ್ನ ಕಾಫಿ ಮೇಜಿನ ಕಡೆ.

ಕಚೇರಿ ಮುಗಿದ ಮೇಲೆ ವಿದ್ವಾಂಸರು ನೋಟುಬುಕ್ಕು ಕೇಳಿ, ನಿಂತಲ್ಲೇ ಒಂದು ಪುಟ ತುಂಬ ಬರೆದರು. ವಾದ್ಯಾರರು ಓದಿ ಅಧ್ಯಕ್ಷರಿಗೆ ಕೊಟ್ಟರು. ಅಧ್ಯಕ್ಷರು ಓದಿ ಮುಚ್ಚಿದರು.

"ದೂರು ಬಂದಿದೆ" ಅಂದರು.

"ಕೊಡಿ ಇಲ್ಲಿ." ನನ್ನ ಕೈಗೆ ಇನ್ನೂ ಕುರಿಹಾಲಿನ ವಾಸನೆ. ಅಕ್ಷರದ ಮೇಲೆ ಬೆರಳಿಟ್ಟು, ಎಲ್ಲರ ಎದುರು ಗಟ್ಟಿಯಾಗಿ ಓದಿದೆ.

"ಪ್ರಯಾಣ, ವಸತಿ, ಊಟ, ಯಾವುದರಲ್ಲೂ ಕುಂದಿಲ್ಲ. ಆದರೆ ತನಿ ಆವರ್ತನದ ಹೊತ್ತಿಗೆ ಮುಂದೆ ಕೂತಿದ್ದ ಸಭೆ ಎದ್ದು ಕಾಫಿಗೆ ಹೋಯಿತು. ಹಿಂದೆ ಕೂತಿದ್ದ ಸಭೆ ಮಂಗಳ ಹಾಡುವವರೆಗೂ ಕದಲಲಿಲ್ಲ. ಬರುವ ವರ್ಷ ನಾನು ಬರಬೇಕಾದರೆ ಆ ಸಭೆ ಇರಲೇಬೇಕು."

"ದೂರೇನೋ ದೂರೇ" ಅಂದೆ. "ಯಾರ ಮೇಲೆ ಅಂತ ನೀವೇ ಹೇಳಿ."

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. "ಕೆಲಸ ನಿನ್ನದೇ. ಆದರೆ ಆ ಕುರಿಗಳನ್ನೂ ನೀನೇ ಗೊತ್ತು ಮಾಡಬೇಕು."

ತಟ್ಟಿಯ ಹಿಂದೆ ಹೋಗಿ ಅಣ್ಣನನ್ನು ಕೇಳಿದೆ. ಅವನು ಕಂಬಳಿ ಕೊಡವುತ್ತಾ ತಲೆಯಾಡಿಸಿದ. "ಆಗಕ್ಕಿಲ್ಲ ಕಣವ್ವ. ಬರೋ ವರ್ಸ ಈ ಅಮಾಸೇಗೆ ಕಾರಿಮಂಗಲದೋರಿಗೆ ಮಾತು ಕೊಟ್ಟಾಗೈತೆ. ಉಣ್ಮೆಗಾದ್ರೆ ನೋಡಾನ."

"ಅಷ್ಟು ದೊಡ್ಡ ವಿದ್ವಾಂಸರಣ್ಣ, ಅವರಿಗೆ ದಿನ ಸಿಗೋದೇ ಕಷ್ಟ."

"ಅವ್ರು ಒಬ್ರು. ನಾವು ಮುನ್ನೂರು ಜನ."

ಹುಣ್ಣಿಮೆಗೇ ದಿನ ಗೊತ್ತಾಯಿತು. ಮರುವರ್ಷ ಇಡೀ ವಾರವನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು, ವಿದ್ವಾಂಸರು ಮರುಮಾತಿಲ್ಲದೆ ಒಪ್ಪಿದರು. ನಾನು ಆ ಕೆಲಸ ಮಾಡಿದಷ್ಟು ವರ್ಷವೂ ಮೊದಲು ಕೊಳತ್ತೂರಿಗೆ ಹೋಗಿ ಕುರಿಗಳ ದಿನ ಕೇಳಿಕೊಂಡು ಬರುತ್ತಿದ್ದೆ, ಆಮೇಲೆ ವಾದ್ಯಾರರು ವಿದ್ವಾಂಸರಿಗೆ ಕಾಗದ ಹಾಕುತ್ತಿದ್ದರು. ಆ ಮರುವರ್ಷದ ಅತಿಥಿಗಳ ಪಟ್ಟಿಯನ್ನು ವಾದ್ಯಾರರು ನನ್ನ ಮೆಸ್ಸಿನಲ್ಲೇ ಕೂತು ಗೆರೆ ಎಳೆದು ಬರೆದರು. ಮೊದಲ ಸಾಲನ್ನು ನಾನು ನಾದಿನಿಗೆ ಓದಿ ಹೇಳಿದೆ. ಬರುವವರು: ಮುನ್ನೂರು. ಪ್ರಯಾಣ: ಕಾಲ್ನಡಿಗೆ. ವಸತಿ: ವೇದಿಕೆಯ ಹಿಂದೆ, ಬಯಲು. ಊಟ: ದಾರಿಯಲ್ಲೇ ಮುಗಿಸಿಕೊಂಡು ಬರುತ್ತಾರೆ.

ನಾದಿನಿ ಹಿಟ್ಟು ರುಬ್ಬುವುದನ್ನು ನಿಲ್ಲಿಸಿ ನಿಟ್ಟುಸಿರುಬಿಟ್ಟಳು.

"ಉಳ್ದ ವಿದ್ವಾಂಸ್ರೂ ಇವ್ರಂಗೇ ಬರಂಗಿದ್ರೆ ಎಷ್ಟ್ ಚೆಂದಾಗಿರೋದು ಅತ್ಗೆ!"